ನಿಮಗಿದು ಗೊತ್ತೇ? ಗಜೇಂದ್ರಗಡದ ಗುಡ್ಡವೂ ಒಂದು ರೆಕ್ಕೆ!

ರೋಣ ಬಿಟ್ಟು ಗಜೇಂದ್ರಗಡದ ಹಾದಿ ಹಿಡಿದರೆ ಊರಿಗಿಂತ ಮೊದಲು ಕಣ್ಣಿಗೆ ಬೀಳುವವು ಗುಡ್ಡದ ಮೇಲಿನ ಫ್ಯಾನುಗಳು. ಪುಸ್ತಕದಲ್ಲಿ ಪವನಯಂತ್ರ, ಜನರ ಬಾಯಲ್ಲಿ ಫ್ಯಾನು. ಆ ಫ್ಯಾನಿನ ಅಲಗು, ಅದಕ್ಕೆ ನೆಲೆ ಕೊಟ್ಟ ಗುಡ್ಡ, ಹುಬ್ಬಳ್ಳಿಗೆ ಬಂದಿಳಿಯುವ ವಿಮಾನದ ರೆಕ್ಕೆ ಈ ಮೂರೂ ಒಂದೇ ಕಸುಬಿನವು. ಬಾಗಿದ ಬೆನ್ನು ಕೊಟ್ಟು ಗಾಳಿಯ ದಾರಿಯನ್ನು ಬಗ್ಗಿಸುವುದೇ ಆ ಕಸುಬು. ಅದರ ಒಳಗುಟ್ಟುಗಳು ಇಲ್ಲಿವೆ, ಒಂದೊಂದಾಗಿ.

ಮೊದಲು ಮನೆಯಲ್ಲೇ ನೋಡಿ

1. ಚಮಚ ನೀರಿನತ್ತ ಜಿಗಿಯುತ್ತದೆ!
ನಳದಿಂದ ಸಣ್ಣಗೆ ನೀರು ಬಿಡಿ. ಚಮಚದ ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಅದರ ಉಬ್ಬು ಬೆನ್ನನ್ನು ಧಾರೆಗೆ ತಾಗಿಸಿ. ನೀರು ಚಮಚವನ್ನು ದೂರ ತಳ್ಳೀತು ಎಂದುಕೊಂಡಿರಾ? ತನ್ನತ್ತ ಎಳೆದುಕೊಳ್ಳುತ್ತದೆ. ಧಾರೆ ಉಬ್ಬನ್ನು ಅನುಸರಿಸಿ ಒಂದು ಪಕ್ಕಕ್ಕೆ ತಿರುಗಿದರೆ ಚಮಚ ಇನ್ನೊಂದು ಪಕ್ಕಕ್ಕೆ ಸರಿಯಲೇಬೇಕು. ನೀರಿಗೆ ಅಂಟುವ ಗುಣದ ನೆರವೂ ಇದೆ. ಗಾಳಿಗೆ ಆ ಅಂಟಿಲ್ಲ, ಆದರೂ ಉಬ್ಬಿದ ಮೈಯನ್ನು ಅದು ಹೀಗೆಯೇ ಹಿಂಬಾಲಿಸುತ್ತದೆ. ಮೈಗಂಟಿ ಹರಿಯುವ ಧಾರೆಯ ಈ ಗುಣಕ್ಕೆ ರುಮೇನಿಯಾದ ಎಂಜಿನಿಯರ್ ಆನ್ರಿ ಕ್ವಾಂಡನ ಹೆಸರು ನಿಂತಿದೆ.

2. ಒಂದೇ ಹಾಳೆ, ಎರಡು ಉತ್ತರ
ಕಾಗದದ ಪಟ್ಟಿಯ ಒಂದು ಅಂಚನ್ನು ಕೆಳದುಟಿಗೆ ಒತ್ತಿ ಹಿಡಿದು ಮೇಲಿಂದ ಊದಿ. ಜೋತುಬಿದ್ದ ಹಾಳೆ ಮೇಲೇಳುತ್ತದೆ. ‘ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆ’ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದು ನೆನಪಾಗುತ್ತದೆ. ಈಗ ಅದೇ ಹಾಳೆಯನ್ನು ನೆಟ್ಟಗೆ ಇಳಿಬಿಟ್ಟು ಒಂದು ಬದಿಗೆ ಮಾತ್ರ, ಅದರುದ್ದಕ್ಕೂ ಊದಿ. ಈಗಲೂ ಒಂದು ಬದಿಯ ಗಾಳಿ ಜೋರಾಗಿಯೇ ಇದೆ, ಹಾಳೆ ಮಾತ್ರ ಜಗ್ಗುವುದಿಲ್ಲ. ಮೊದಲ ಸಲ ಹಾಳೆ ಬಾಗಿತ್ತು, ಎರಡನೆಯ ಸಲ ನೆಟ್ಟಗಿತ್ತು. ವ್ಯತ್ಯಾಸ ಇಷ್ಟೇ, ಉತ್ತರವೂ ಇಲ್ಲೇ ಇದೆ.

3. ಕವಣೆ ಕಲ್ಲೇ ರೆಕ್ಕೆಯ ಗುರು
ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುವವರನ್ನು ಕೇಳಿ. ಕಲ್ಲು ಸುತ್ತುತ್ತಿರಬೇಕಾದರೆ ಹಗ್ಗ ಅದನ್ನು ಒಳಕ್ಕೆ ಜಗ್ಗುತ್ತಲೇ ಇರಬೇಕು. ಬಿಟ್ಟರೆ ಕಲ್ಲು ನೇರ ಹಾರಿತು. ಬಾಗಿದ ದಾರಿಯಲ್ಲಿ ಹರಿಯುವ ಗಾಳಿಗೂ ಇದೇ ಕಟ್ಟು. ಆದರೆ ಗಾಳಿಗೆ ಹಗ್ಗವೆಲ್ಲಿ? ಹೊರಗಿನ ಒತ್ತಡ ಹೆಚ್ಚಾಗಿ, ತಿರುವಿನ ಒಳಬದಿಯ ಒತ್ತಡ ಕಡಿಮೆಯಾದಾಗ ಗಾಳಿ ಒಳಕ್ಕೆ ಒತ್ತಲ್ಪಟ್ಟು ಬಾಗುತ್ತದೆ. ಉಬ್ಬಿದ ರೆಕ್ಕೆಯ ಬೆನ್ನೇ ಆ ಒಳಬದಿ. ಹಾಗಾಗಿ ರೆಕ್ಕೆಯ ಮೇಲೆ ಒತ್ತಡ ಇಳಿಯುತ್ತದೆ; ಕಡಿಮೆ ಒತ್ತಡದತ್ತ ನುಗ್ಗುವ ಗಾಳಿ ವೇಗವನ್ನೂ ಪಡೆಯುತ್ತದೆ. ಕೆಳಗಿನ ಹೆಚ್ಚಿನ ಒತ್ತಡ ರೆಕ್ಕೆಯನ್ನು ಮೇಲಕ್ಕೆ ನೂಕುತ್ತದೆ. ಮುಂದೆ ಹೇಳುವುದೆಲ್ಲ ಈ ಕವಣೆಯ ಲೆಕ್ಕದ ವಿಸ್ತಾರ.

4. ತಗಡಿನ ಮೇಲೆ ಕಲ್ಲು ಹೇರುವುದೇಕೆ?
ಮೇ ತಿಂಗಳ ಬಿರುಗಾಳಿಗೆ ತಗಡು ಹಾರುವುದು ಕೆಳಗಿನಿಂದ ಗಾಳಿ ಹೊಕ್ಕು ಎತ್ತುವುದರಿಂದ ಮಾತ್ರವಲ್ಲ. ಗೋಡೆಗೆ ಬಡಿದ ಗಾಳಿ ಮೇಲಕ್ಕೆ ತಿರುಗಿ ಚಾವಣಿಯ ಅಂಚನ್ನು ಹಾಯುವಾಗ ಅಲ್ಲಿ ಒತ್ತಡ ಕುಸಿದು, ತಗಡನ್ನು ಮೇಲಕ್ಕೆ ಹೀರುತ್ತದೆ. ಹೀರುವಿಕೆ ಅತಿ ಹೆಚ್ಚಿರುವುದು ಅಂಚು, ಮೂಲೆಗಳಲ್ಲಿ. ಹಿರಿಯರು ಕಲ್ಲು ಇಡುವುದೂ ಅಲ್ಲೇ! ಭಾರದ ಮಣ್ಣು ಹೊತ್ತ ಹಳೆಯ ಮಾಳಿಗೆ ಮನೆಗೆ ಈ ಚಿಂತೆಯೇ ಇರಲಿಲ್ಲ.

5. ಗಿರ‍್ರನೆ ತಿರುಗುವ ಫ್ಯಾನಿಗೂ ಧೂಳು
ಮನೆಯ ಸೀಲಿಂಗ್ ಫ್ಯಾನು ದಿನವಿಡೀ ತಿರುಗಿದರೂ ಅಲಗಿನ ಮೇಲೆ ಧೂಳು ಕೂರುತ್ತದೆ. ಬೀಸುವ ಗಾಳಿಗೆ ಅದು ಹಾರಿಹೋಗಬೇಕಿತ್ತಲ್ಲ? ಅಲಗಿನ ಮೈಗೆ ತಾಗಿದ ಗಾಳಿ ಅಲಗಿನ ಜೊತೆಗೇ ಸುತ್ತುತ್ತದೆ. ಅಲಗಿನ ಮಟ್ಟಿಗೆ ಅದು ನಿಂತ ಗಾಳಿ. ಮೈಯಿಂದ ದೂರ ಸರಿದಂತೆ ವೇಗ ಏರುತ್ತದೆ. ನಿಂತ ಗಾಳಿಗೂ ಓಡುವ ಗಾಳಿಗೂ ನಡುವಿನ ಈ ತೆಳು ಪದರಕ್ಕೆ ಸೀಮಾಪದರ ಎಂದು ಹೆಸರು. ವಿಮಾನದ ಅಳಿವು ಉಳಿವು ಈ ಪದರದ ಕೈಯಲ್ಲಿದೆ.

ಪಾಠದಲ್ಲಿ ನುಸುಳಿದ ತಪ್ಪು

6. ಮೇಲಿನ ಗಾಳಿಗೆ ಕೆಳಗಿನ ಗಾಳಿಯ ಹಂಗಿಲ್ಲ
‘ರೆಕ್ಕೆಯ ಮೇಲಿನ ದಾರಿ ಉದ್ದ, ಕೆಳಗಿನದು ಗಿಡ್ಡ. ಹಿಂದಿನ ಅಂಚಿನಲ್ಲಿ ಇಬ್ಬರೂ ಒಟ್ಟಿಗೆ ಸೇರಬೇಕಾದ್ದರಿಂದ ಮೇಲಿನ ಗಾಳಿ ಓಡುತ್ತದೆ.’ ಎಷ್ಟೋ ಪುಸ್ತಕಗಳಲ್ಲಿ ಹೀಗಿದೆ. ಇದು ತಪ್ಪು. ಜಾತ್ರೆಯಲ್ಲಿ ಬೇರೆಯಾದ ಇಬ್ಬರು ಅಪರಿಚಿತರು ರಥದ ಹಿಂದೆ ಮತ್ತೆ ಕೂಡಲೇಬೇಕೆಂಬ ಕರಾರಿದೆಯೇ? 2003ರಲ್ಲಿ ಕೇಂಬ್ರಿಜ್‌ನ ಹೋಲ್ಗರ್ ಬಾಬಿನ್‌ಸ್ಕಿ ಹೊಗೆಯ ಎಳೆಗಳನ್ನು ರೆಕ್ಕೆಯ ಮೇಲೂ ಕೆಳಗೂ ಹಾಯಿಸಿ ತೋರಿಸಿದರು. ದೂರದ ದಾರಿಯ ಮೇಲಿನ ಗಾಳಿಯೇ ಮೊದಲು ಹಿಂದಿನ ಅಂಚು ಮುಟ್ಟುತ್ತದೆ, ಕೆಳಗಿನದು ಹಿಂದೆ ಬೀಳುತ್ತದೆ.

7. ಬರ್ನೂಲಿ ತಪ್ಪಲ್ಲ, ನ್ಯೂಟನ್ನೂ ತಪ್ಪಲ್ಲ
ವೇಗ ಮತ್ತು ಒತ್ತಡದ ನಂಟನ್ನು ಡೇನಿಯಲ್ ಬರ್ನೂಲಿ 1738ರ ತನ್ನ ಗ್ರಂಥದಲ್ಲಿ ಬಿಡಿಸಿದ. ಅವನು ಬರೆದದ್ದು ಮುಖ್ಯವಾಗಿ ನೀರಿನ ಹರಿವಿನ ಬಗ್ಗೆ. ವಿಮಾನ ಹುಟ್ಟಲು ಇನ್ನೂ ನೂರಾ ಅರವತ್ತೈದು ವರ್ಷ ಬಾಕಿ ಇತ್ತು. ನ್ಯೂಟನ್ ಕಡೆಯಿಂದ ನೋಡಿದರೆ ರೆಕ್ಕೆ ಗಾಳಿಯನ್ನು ಕೆಳಕ್ಕೆ ಬಗ್ಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಎರಡೂ ಒಂದೇ ಸಂಗತಿಯ ಎರಡು ಲೆಕ್ಕ. ಜೋಳವನ್ನು ಸೇರಿನಲ್ಲಿ ಅಳೆದರೂ ತಕ್ಕಡಿಯಲ್ಲಿ ತೂಗಿದರೂ ರಾಶಿ ಅಷ್ಟೇ.

8. ಗಾಳಿಪಟಕ್ಕೆ ಸೂತ್ರವೇ ಪ್ರಾಣ
ಉಬ್ಬಿಲ್ಲದ ಸಪಾಟು ಹಲಗೆಯೂ ಹಾರಬಲ್ಲದು, ಗಾಳಿಗೆ ಸರಿಯಾಗಿ ಓರೆಯಾಗಿದ್ದರೆ. ಪಟ ಹಾರಿಸುವ ಹುಡುಗರಿಗೆ ಇದು ಕೈಗೆ ಗೊತ್ತು. ಸೂತ್ರ ಕಟ್ಟುವುದೆಂದರೆ ಆ ಓರೆಯನ್ನು ಗೊತ್ತುಮಾಡುವುದು. ಓರೆ ಕಡಿಮೆಯಾದರೆ ಪಟ ಏಳದು, ಹೆಚ್ಚಾದರೆ ಗಿರಕಿ ಹೊಡೆದು ಬಿದ್ದೀತು. ಬಾಲಂಗೋಚಿ ಅದನ್ನು ನೆಟ್ಟಗೆ ಹಿಡಿದಿಡುತ್ತದೆ. ಉಬ್ಬು ಇದ್ದರೆ ಇದೇ ಕೆಲಸ ಕಡಿಮೆ ಸೆಳೆತದಲ್ಲಿ, ಅಂದರೆ ಗಾಳಿ ಹಿಂದಕ್ಕೆ ಜಗ್ಗುವುದು ಕಡಿಮೆಯಾಗಿ, ಆಗುತ್ತದೆ, ಅಷ್ಟೇ ಲಾಭ.

9. ಬೀದರದ ಆಕಾಶದಲ್ಲಿ ತಲೆಕೆಳಗು
1996ರಲ್ಲಿ ಬೀದರದಲ್ಲಿ ಹುಟ್ಟಿದ ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳು ಅಂಗಾತವಾಗಿಯೂ ಹಾರುತ್ತವೆ. ಉಬ್ಬು ಕೆಳಗಾಯಿತು, ಹಾಗಾದರೆ ನೆಲಕ್ಕೆ ಬೀಳಬೇಡವೇ? ಪೈಲಟ್ ವಿಮಾನದ ಮೂಗನ್ನು ಸ್ವಲ್ಪ ಮೇಲಕ್ಕೆ ಹಿಡಿದು ರೆಕ್ಕೆಯ ಓರೆಯನ್ನು ಹೆಚ್ಚಿಸುತ್ತಾನೆ. ಆಗ ತಲೆಕೆಳಗಾದ ರೆಕ್ಕೆಯೂ ಗಾಳಿಯನ್ನು ಕೆಳಕ್ಕೇ ಬಗ್ಗಿಸುತ್ತದೆ.

10. ಚದರ ಮೀಟರಿಗೆ ನಾಲ್ಕು ಕ್ವಿಂಟಾಲ್ ಜೋಳ
ನಮ್ಮ ಕಡೆಯ ಆಕಾಶದಲ್ಲಿ ಕಾಣುವ ಎಟಿಆರ್-72 ವಿಮಾನದ ಗರಿಷ್ಠ ತೂಕ ಸುಮಾರು 23 ಟನ್, ರೆಕ್ಕೆಯ ವಿಸ್ತೀರ್ಣ 61 ಚದರ ಮೀಟರ್. ಭಾಗಿಸಿ ನೋಡಿ: ಪ್ರತಿ ಚದರ ಮೀಟರೂ ಹೆಚ್ಚು ಕಡಿಮೆ ನಾಲ್ಕು ಕ್ವಿಂಟಾಲ್ ಹೊರುತ್ತದೆ. ವಾತಾವರಣ ಅದೇ ಜಾಗದ ಮೇಲೆ ಒತ್ತುವುದು ಸುಮಾರು ನೂರು ಕ್ವಿಂಟಾಲಿನಷ್ಟು. ಅಂದರೆ ಮೇಲಿನ ಮತ್ತು ಕೆಳಗಿನ ಒತ್ತಡಕ್ಕೆ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ ಬಂದರೆ ಸಾಕು, ವಿಮಾನ ಗಾಳಿಯಲ್ಲಿ!

ಗುಡ್ಡದ ಬೆನ್ನ ಮೇಲೆ

11. ಫ್ಯಾನು ಗುಡ್ಡವನ್ನೇ ಏಕೆ ಏರಿತು?
ಮಳೆಗಾಲದ ಗಾಳಿ ತನ್ನ ನೀರನ್ನೆಲ್ಲ ಸಹ್ಯಾದ್ರಿಗೆ ಸುರಿದು, ಒಣಗಾಳಿಯಾಗಿ ಎರೆಬಯಲಿನ ಮೇಲೆ ಬೀಸುತ್ತ ಬರುತ್ತದೆ. ಎದುರಿಗೆ ಗುಡ್ಡದ ಸಾಲು ಸಿಕ್ಕಾಗ ಏರಬೇಕು, ನೆತ್ತಿ ದಾಟಿ ಇಳಿಯಬೇಕು. ನೆತ್ತಿಯ ಮೇಲೆ ಅದರ ದಾರಿ ಬಾಗುತ್ತದೆ, ಒತ್ತಡ ತಗ್ಗುತ್ತದೆ, ವೇಗ ಏರುತ್ತದೆ. ರೆಕ್ಕೆಯ ಬೆನ್ನ ಮೇಲೆ ಆದದ್ದೇ ಇಲ್ಲೂ ಆಯಿತಲ್ಲ! ಆನೆಯ ಹೆಸರು ಹೊತ್ತ ಗಜೇಂದ್ರಗಡದ ಗುಡ್ಡ ಗಾಳಿಯ ಲೆಕ್ಕದಲ್ಲಿ ಒಂದು ಕಲ್ಲಿನ ರೆಕ್ಕೆ.

12. ಕಾಲುಪಾಲು ಗಾಳಿ, ಇಮ್ಮಡಿ ಕರೆಂಟು
ಗಾಳಿಯ ಕಸುವು ವೇಗದ ಘನದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಕಸುವು ಎಂಟು ಪಟ್ಟು. ಬಯಲಿಗಿಂತ ಗುಡ್ಡದ ನೆತ್ತಿಯಲ್ಲಿ ವೇಗ ಕಾಲುಪಾಲು ಹೆಚ್ಚಿದ್ದರೂ ಸಾಕು, ಸಿಗುವ ಕಸುವು ಹೆಚ್ಚು ಕಡಿಮೆ ಇಮ್ಮಡಿ. ಕಲ್ಲು ಒಡೆದು, ರಸ್ತೆ ಕಡಿದು, ಅಷ್ಟುದ್ದದ ಅಲಗನ್ನು ಗುಡ್ಡಕ್ಕೆ ಏರಿಸುವ ಖರ್ಚು ಗಿಟ್ಟುವುದು ಇಲ್ಲಿಂದಲೇ.

13. ನರಗುಂದದ ಗುಡ್ಡ ಗಿಡ್ಡ ರೆಕ್ಕೆ
1858ರಲ್ಲಿ ಬ್ರಿಟಿಷರಿಗೆ ಎದುರು ನಿಂತ ಬಾಬಾಸಾಹೇಬನ ನರಗುಂದದ ಗುಡ್ಡ ಬಯಲಿನ ನಡುವೆ ಒಂಟಿಯಾಗಿ ಕೂತಿದೆ. ಅದರ ಮುಂದೆ ಬಂದ ಗಾಳಿಗೆ ಮೇಲೆ ಹತ್ತುವ ದಾರಿಯೂ ಉಂಟು, ಎಡಬಲಕ್ಕೆ ಸುತ್ತಿ ಹೋಗುವ ದಾರಿಯೂ ಉಂಟು. ಉದ್ದನೆಯ ಸಾಲುಗುಡ್ಡದ ಮುಂದೆ ಸುತ್ತಿ ಹೋಗಲು ಜಾಗವಿಲ್ಲ, ಹತ್ತಲೇಬೇಕು. ಎತ್ತರವೂ ಇಳಿಜಾರೂ ಒಂದೇ ಆಗಿದ್ದರೆ ಸಾಲುಗುಡ್ಡದ ನೆತ್ತಿಯಲ್ಲೇ ಗಾಳಿ ಹೆಚ್ಚು ವೇಗ ಪಡೆಯುತ್ತದೆ. ವಿಮಾನದ ರೆಕ್ಕೆಯ ತುದಿಯಲ್ಲೂ ಹೀಗೆಯೇ ಕೆಳಗಿನ ಗಾಳಿ ಸುತ್ತಿ ಮೇಲಕ್ಕೆ ನುಸುಳಿ ಸುಳಿ ಏಳುತ್ತದೆ. ಗ್ಲೈಡರುಗಳ ರೆಕ್ಕೆ ನೀಳವಾಗಿರುವುದು, ದೊಡ್ಡ ವಿಮಾನಗಳ ರೆಕ್ಕೆಯ ತುದಿ ಮೇಲಕ್ಕೆ ಮಡಿಸಿರುವುದು ಈ ನುಸುಳಾಟಕ್ಕೆ ತಡೆ ಹಾಕಲೆಂದು.

14. ಗುಡ್ಡದ ಮರೆಯಲ್ಲಿ ಗಾಳಿ ಬುಗುರಿ
ಹಿಂಬದಿಯ ಇಳಿಜಾರು ಕಡಿದಾಗಿದ್ದರೆ ಗಾಳಿ ಅದನ್ನು ಅನುಸರಿಸಲಾರದೆ ಕಿತ್ತುಕೊಂಡು ಹೋಗುತ್ತದೆ. ಹಿಂದೆ ಉಳಿದ ಜಾಗದಲ್ಲಿ ಸುಳಿ ತಿರುಗುತ್ತದೆ. ಅಲ್ಲಿ ಫ್ಯಾನು ನೆಟ್ಟರೆ ಅಲಗಿಗೂ ಗೇರಿಗೂ ಪೆಟ್ಟು. ಇದೇ ಅನಾಹುತ ವಿಮಾನದ ರೆಕ್ಕೆಯ ಮೇಲೆ ಆದರೆ ಅದಕ್ಕೆ ಸ್ಟಾಲ್ ಎನ್ನುತ್ತಾರೆ. ಸಾಮಾನ್ಯ ರೆಕ್ಕೆಯ ಓರೆ ಸುಮಾರು 15 ಡಿಗ್ರಿ ದಾಟಿದರೆ ಸೀಮಾಪದರ ದಣಿದು ಬೆನ್ನು ಬಿಡುತ್ತದೆ, ಎತ್ತುಬಲ ಕುಸಿಯುತ್ತದೆ. ಸ್ಟಾಲ್ ಎಂದರೆ ಎಂಜಿನ್ ನಿಂತಿತೆಂದಲ್ಲ. ಎಂಜಿನ್ ಪೂರ್ತಿ ಓಡುತ್ತಿರುವಾಗಲೂ ರೆಕ್ಕೆ ಸ್ಟಾಲ್ ಆದೀತು.

15. ಹದ್ದಿಗೆ ಪುಕ್ಕಟೆ ಸವಾರಿ
ಕಾಲಕಾಲೇಶ್ವರನ ಬೆಟ್ಟದ ಅಂಚಿನಲ್ಲಿ ನಿಂತು ನೋಡಿ: ಹದ್ದು ರೆಕ್ಕೆ ಬಡಿಯದೆ ತೇಲುತ್ತಿರುತ್ತದೆ. ಗುಡ್ಡಕ್ಕೆ ಬಡಿದು ಮೇಲೇರುವ ಗಾಳಿಯಲ್ಲಿ ಅದು ಮೆಲ್ಲಗೆ ಕೆಳಕ್ಕೆ ಜಾರುತ್ತಿದೆ. ಜಾರುವ ವೇಗ, ಗಾಳಿ ಏರುವ ವೇಗ ಎರಡೂ ಸಮನಾದರೆ ಹಕ್ಕಿ ಇದ್ದ ಎತ್ತರದಲ್ಲೇ ಇರುತ್ತದೆ. ಗ್ಲೈಡರ್ ಪೈಲಟುಗಳೂ ಗುಡ್ಡದ ಅಂಚನ್ನು ಹುಡುಕುವುದು ಇದಕ್ಕೇ.

ಫ್ಯಾನಿನ ಗುಟ್ಟು

16. ಗಾಳಿ ಅದನ್ನು ನೂಕುತ್ತಿಲ್ಲ
ಜಾತ್ರೆಯ ಕಾಗದದ ಗಿರಗಿಟ್ಲೆಯಂತೆ ಗಾಳಿ ನೂಕಿ ಈ ಅಲಗು ತಿರುಗುತ್ತದೆ ಎಂಬುದು ಬಹಳ ಜನರ ಎಣಿಕೆ. ಬರೀ ನೂಕಿಸಿಕೊಂಡರೆ ಯಾವ ವಸ್ತುವೂ ಗಾಳಿಗಿಂತ ವೇಗವಾಗಿ ಹೋಗಲಾರದು. ಫ್ಯಾನಿನ ಅಲಗಿನ ತುದಿ ಗಾಳಿಗಿಂತ ಎಷ್ಟೋ ಪಟ್ಟು ಜೋರಾಗಿ ಸಾಗುತ್ತದೆ! ಅಡ್ಡ ಕತ್ತರಿಸಿ ನೋಡಿದರೆ ಅಲಗು ಥೇಟ್ ವಿಮಾನದ ರೆಕ್ಕೆ. ವಿಮಾನವನ್ನು ಮೇಲೆತ್ತುವ ಬಲವೇ ಇಲ್ಲಿ ಅಲಗನ್ನು ಸುತ್ತ ಎಳೆಯುತ್ತದೆ.

17. ಮೆಲ್ಲಗೆ ಕಾಣುವುದು ಕಣ್ಣಿನ ಮೋಸ
ಅಲಗಿನ ಉದ್ದ 50 ಮೀಟರ್, ನಿಮಿಷಕ್ಕೆ 15 ಸುತ್ತು ಎಂದಿಟ್ಟುಕೊಳ್ಳಿ. ತುದಿಯ ವೇಗ ಗಂಟೆಗೆ ಸುಮಾರು 280 ಕಿ.ಮೀ. ಇಳಿಯಲು ಬರುತ್ತಿರುವ ಎಟಿಆರ್ ವಿಮಾನಕ್ಕೂ ಅಷ್ಟು ವೇಗವಿರದು.

18. ಅಲಗಿಗೆ ತಿರುಚು ಕೊಟ್ಟವರು ಯಾಕೆ ಕೊಟ್ಟರು?
ದಾರಿಯಲ್ಲಿ ಒಂದೇ ಅಲಗು ಹೊತ್ತು ತೆವಳುವ ಉದ್ದನೆಯ ಟ್ರೇಲರ್ ಕಂಡಾಗ ಗಮನಿಸಿ. ಬುಡದಿಂದ ತುದಿಗೆ ಅಲಗು ತಿರುಚಿಕೊಂಡಿರುತ್ತದೆ. ಬುಡ ಮೆಲ್ಲಗೆ ಸುತ್ತುತ್ತದೆ, ತುದಿ ಜೋರಾಗಿ. ಹಾಗಾಗಿ ಒಂದೊಂದು ಭಾಗಕ್ಕೂ ಗಾಳಿ ಒಂದೊಂದು ದಿಕ್ಕಿನಿಂದ ಬಂದಂತೆ ಆಗುತ್ತದೆ. ಎಲ್ಲ ಭಾಗಕ್ಕೂ ಸರಿಯಾದ ಓರೆ ಸಿಗಲೆಂದು ಈ ತಿರುಚು. ವಿಮಾನದ ಪ್ರೊಪೆಲರಿಗೂ ಇದೇ ತಿರುಚು ಇದೆ.

19. ನೂರಕ್ಕೆ 59, ಅದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ
ಮೂರು ಅಲಗಿನ ನಡುವೆ ಅಷ್ಟೊಂದು ಖಾಲಿ ಜಾಗ ಬಿಟ್ಟು ಗಾಳಿಯನ್ನು ದಂಡ ಮಾಡಿದರಲ್ಲ ಎನ್ನಬೇಡಿ. ಗಾಳಿಯ ಕಸುವನ್ನೆಲ್ಲ ಕಸಿದುಕೊಂಡರೆ ಗಾಳಿ ಅಲ್ಲೇ ನಿಂತುಬಿಡುತ್ತದೆ. ಹಿಂದಿನಿಂದ ಬರುವ ಗಾಳಿಗೆ ದಾರಿಯೇ ಇಲ್ಲ. ಗಾಳಿಯಲ್ಲಿ ನಿಂತ ಯಾವ ಫ್ಯಾನೂ ಆ ಕಸುವಿನಲ್ಲಿ ಗರಿಷ್ಠ 59.3 ಶೇಕಡಾ ಮಾತ್ರ ಹಿಡಿಯಬಲ್ಲದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ಲೆಕ್ಕ ಹಾಕಿ ತೋರಿಸಿದ.

20. ಸೊಳ್ಳೆ ಸತ್ತರೆ ಕರೆಂಟು ಇಳಿದೀತು
ಅಲಗಿನ ಮುಂದಿನ ಅಂಚಿಗೆ ಧೂಳು, ಹುಳುಹುಪ್ಪಟೆ ಮೆತ್ತಿಕೊಂಡರೆ ಸೀಮಾಪದರ ಬೇಗ ಕದಡುತ್ತದೆ, ಉತ್ಪಾದನೆ ತಗ್ಗುತ್ತದೆ. ಎಷ್ಟೋ ಸಲ ಅದನ್ನು ತೊಳೆದುಕೊಡುವುದು ಒಂದು ಒಳ್ಳೆಯ ಮಳೆ.

ಹಿಂದಕ್ಕೆ ತಿರುಗಿ ನೋಡಿದರೆ

21. ಬೆಳ್ಳಿಬಿಲ್ಲೆಯ ಮೇಲೆ ವಿಮಾನ
ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ 1799ರಲ್ಲೇ ಇಂಗ್ಲೆಂಡಿನ ಜಾರ್ಜ್ ಕೇಲಿ ಒಂದು ಬೆಳ್ಳಿಬಿಲ್ಲೆಯ ಒಂದು ಮುಖದ ಮೇಲೆ ನಿಶ್ಚಲ ರೆಕ್ಕೆಯ ಹಾರುಯಂತ್ರವನ್ನೂ ಇನ್ನೊಂದು ಮುಖದ ಮೇಲೆ ಎತ್ತುಬಲ ಮತ್ತು ಸೆಳೆತದ ಚಿತ್ರವನ್ನೂ ಕೊರೆದ. ಹಾರಬೇಕಾದರೆ ರೆಕ್ಕೆ ಬಡಿಯಬೇಕಿಲ್ಲ ಎಂಬ ಅರಿವು ಅಲ್ಲಿಂದ ಶುರು.

22. ಉಬ್ಬಿಗೆ ಪೇಟೆಂಟ್
1884ರಲ್ಲಿ ಹೊರೇಷಿಯೋ ಫಿಲಿಪ್ಸ್ ಎಂಬ ಇಂಗ್ಲಿಷಿನವ ಗಾಳಿಸುರಂಗದಲ್ಲಿ, ಅಂದರೆ ಗಾಳಿ ಹಾಯಿಸುವ ಕೊಳವೆಯಲ್ಲಿ, ಪರೀಕ್ಷಿಸಿದ ಬಾಗಿದ ರೆಕ್ಕೆಗಳ ಆಕಾರಕ್ಕೆ ಪೇಟೆಂಟ್ ಪಡೆದ. ಕೆಳಗಿನದಕ್ಕಿಂತ ಮೇಲಿನ ಬಾಗು ಹೆಚ್ಚಿರಬೇಕು ಎಂಬುದು ಅವನ ಶೋಧ.

23. ಕೊಕ್ಕರೆಯ ಶಿಷ್ಯ
ಜರ್ಮನಿಯ ಓಟೋ ಲಿಲಿಯೆಂಥಾಲ್ ಕೊಕ್ಕರೆಗಳ ರೆಕ್ಕೆಯ ಬಾಗನ್ನು ಅಳೆದು 1889ರಲ್ಲಿ ಪುಸ್ತಕ ಬರೆದ, ತಾನೇ ಗ್ಲೈಡರ್ ಕಟ್ಟಿ ಸುಮಾರು ಎರಡು ಸಾವಿರ ಸಲ ಹಾರಿದ. 1896ರ ಆಗಸ್ಟ್ 9ರಂದು ಗ್ಲೈಡರ್ ಸ್ಟಾಲ್ ಆಗಿ ಕೆಳಗೆ ಬಿತ್ತು. ಮರುದಿನ ಅವನು ತೀರಿಕೊಂಡ.

24. ದಾರಿ ತಪ್ಪಿಸಿದ್ದು ಒಂದು ಗಾಳಿಗಿರಣಿ
ರೈಟ್ ಸೋದರರ ಮೊದಲ ಗ್ಲೈಡರುಗಳು ಲೆಕ್ಕದಷ್ಟು ಏಳಲಿಲ್ಲ. ಕಾರಣ? ಗಾಳಿಗಿರಣಿಗಳ ಮೇಲೆ ಜಾನ್ ಸ್ಮೀಟನ್ 1759ರಲ್ಲಿ ಪ್ರಕಟಿಸಿದ ಬರಹದಿಂದ ಬಂದ, ಆಮೇಲೆ ಎಲ್ಲರೂ ನಂಬಿಕೊಂಡಿದ್ದ ಒಂದು ಸಂಖ್ಯೆ ಅತಿಯಾಗಿತ್ತು. 1901ರಲ್ಲಿ ಸೋದರರು ಆರಡಿ ಉದ್ದದ ಮರದ ಪೆಟ್ಟಿಗೆಯಲ್ಲಿ ಗಾಳಿಸುರಂಗ ಮಾಡಿ, ಇನ್ನೂರರಷ್ಟು ಪುಟ್ಟ ರೆಕ್ಕೆಗಳನ್ನು ಅದರಲ್ಲಿಟ್ಟು ತಾವೇ ಅಳೆದರು. 1903ರ ಡಿಸೆಂಬರ್ 17ರಂದು 12 ಸೆಕೆಂಡು, 120 ಅಡಿ ಹಾರಿದರು.

25. ತೆಳು ಪದರ, ದೊಡ್ಡ ಮಾತು
ಗಾಳಿಯ ಪದರಗಳ ನಡುವೆ ತಿಕ್ಕಾಟವೇ ಇಲ್ಲ ಎಂದು ಲೆಕ್ಕ ಹಾಕಿದರೆ ಸೆಳೆತವೇ ಬರುವುದಿಲ್ಲ. ನಿಜದಲ್ಲಿ ಸೆಳೆತ ಇದ್ದೇ ಇದೆ. ಗಣಿತಜ್ಞರನ್ನು ಕಾಡಿದ ಈ ಒಗಟಿಗೆ 1904ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಒಂದು ಚಿಕ್ಕ ಪ್ರಬಂಧದಲ್ಲಿ ಉತ್ತರ ಕೊಟ್ಟ: ತಿಕ್ಕಾಟದ ಆಟವೆಲ್ಲ ಮೈಗೆ ತಾಗಿದ ತೆಳು ಪದರದಲ್ಲಿ. ಸೀಲಿಂಗ್ ಫ್ಯಾನಿನ ಧೂಳು ಕೂತಿರುವುದೂ ಅದೇ ಪದರದಲ್ಲಿ!

ಬೆಂಗಳೂರಿನ ಗಾಳಿಪಾಠ

26. ಯುದ್ಧದ ನಡುವೆ ವಿಮಾನ ಪಾಠ
ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್‌ನ ಬೇರು. ಎರಡೇ ವರ್ಷಕ್ಕೆ, 1942ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗ ಶುರುವಾಯಿತು. ವಿ.ಎಂ. ಘಾಟಗೆ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು.

27. ಸೀಮಾಪದರದ ಗುರು-ಶಿಷ್ಯರು
ಇಸ್ರೋದ ಸತೀಶ್ ಧವನ್ ಎಲ್ಲರಿಗೂ ಗೊತ್ತು. ಮೂಲತಃ ಅವರು ಗಾಳಿಯ ಹರಿವಿನ ಪಂಡಿತರು. ಮೈಗೆ ತಾಗಿ ಹರಿಯುವ ಗಾಳಿಯ ತಿಕ್ಕಾಟವನ್ನು ನೇರವಾಗಿ ಅಳೆದವರು. ಬೆಂಗಳೂರಿನಲ್ಲಿ ಅವರ ಶಿಷ್ಯರಾದವರು ರೊದ್ದಂ ನರಸಿಂಹ. ನರಸಿಂಹರ ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕನ್ನಡದಲ್ಲಿ ವಿಜ್ಞಾನ ಬರೆದವರು. ಶಾಂತವಾದ ಸೀಮಾಪದರ ಹೇಗೆ ಕದಡುತ್ತದೆ ಎಂಬುದರ ಮೇಲೆ ಗುರು-ಶಿಷ್ಯರು 1958ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ವಿಷಯದವರು ಇಂದಿಗೂ ಉಲ್ಲೇಖಿಸುತ್ತಾರೆ. ಮೊದಲ ಮಳೆಹನಿಗಳು ಅಲ್ಲಲ್ಲಿ ಬಿದ್ದು ಆಮೇಲೆ ಅಂಗಳವೆಲ್ಲ ತೋಯುವಂತೆ, ಪದರವೂ ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಕದಡಿ, ಬಳಿಕ ಪೂರ್ತಿ ಕದಡುತ್ತದೆ.

28. ಹಿಂದಕ್ಕೆ ಓರೆಯಾದ ರೆಕ್ಕೆ
ಬೆಂಗಳೂರಿನಲ್ಲಿ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ನೇತೃತ್ವದ ತಂಡ ರೂಪಿಸಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲು ಹಾರಿತು. ಅದರ ರೆಕ್ಕೆ ಹಿಂದಕ್ಕೆ ಓರೆ. ಶಬ್ದದ ವೇಗ ಹತ್ತಿರವಾದಂತೆ ಉಬ್ಬಿದ ಬೆನ್ನ ಮೇಲಿನ ಗಾಳಿ ವಿಮಾನಕ್ಕಿಂತ ಮೊದಲೇ ಆ ವೇಗ ದಾಟಿ ಆಘಾತ ತರಂಗ ಏಳುತ್ತದೆ. ರೆಕ್ಕೆಯನ್ನು ಓರೆ ಮಾಡಿದರೆ ಉಬ್ಬಿಗೆ ಅಡ್ಡಲಾಗಿ ಹಾಯುವ ಗಾಳಿಯ ಪಾಲು ತಗ್ಗಿ, ಆ ಕಷ್ಟ ಮುಂದಕ್ಕೆ ಹೋಗುತ್ತದೆ. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್‌ಗೆ ತ್ರಿಕೋನ ರೆಕ್ಕೆ, ಬಾಲದಲ್ಲಿ ಅಡ್ಡರೆಕ್ಕೆಯೇ ಇಲ್ಲ.

29. ಆನೇಕಲ್ಲಿನ ವಿಮಾನಶಾಸ್ತ್ರ
‘ವೈಮಾನಿಕ ಶಾಸ್ತ್ರ’ ಪ್ರಾಚೀನ ಋಷಿಗಳದು ಎಂದು ಕೇಳಿರುತ್ತೀರಿ. ಅದನ್ನು ಹೇಳಿ ಬರೆಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಅದನ್ನು ಪರಿಶೀಲಿಸಿ, ಪಠ್ಯ ಇಪ್ಪತ್ತನೆಯ ಶತಮಾನದ ಆದಿಭಾಗದ್ದು, ಅದರಲ್ಲಿನ ಯಾವ ವಿಮಾನವೂ ಹಾರಲಾರದು ಎಂದು ಬರೆದರು. ಚಿತ್ರ ಎಷ್ಟೇ ಚೆಂದವಿರಲಿ, ಗಾಳಿ ತನ್ನ ಲೆಕ್ಕ ಬಿಡುವುದಿಲ್ಲ.

30. ಹಂಸಕ್ಕೂ ಫ್ಯಾನಿಗೂ ಒಂದೇ ಮೈ
ಬೆಂಗಳೂರಿನ ಎನ್‌ಎಎಲ್ ರೂಪಿಸಿ 1993ರಲ್ಲಿ ಹಾರಿಸಿದ ಎರಡು ಸೀಟಿನ ಹಂಸ ವಿಮಾನದ ಮೈ ನಾರು ಮತ್ತು ರಾಳ ಸೇರಿಸಿ ಅಚ್ಚಿನಲ್ಲಿ ರೂಪಿಸಿದ್ದು. ಗುಡ್ಡದ ಮೇಲಿನ ಫ್ಯಾನಿನ ಅಲಗೂ ಅದೇ ಜಾತಿ. ಗಾಜಿನ ನಾರಿಗೆ ಯಾವ ಬಾಗು ಬೇಕೋ ಆ ಬಾಗನ್ನು ಅಚ್ಚಿನಲ್ಲೇ ಕೊಡಬಹುದು, ಇದೇ ಅದರ ಹಿರಿಮೆ.

ಹಕ್ಕಿ, ಚೆಂಡು, ಬಿಸಿಲು

31. ಮಾಗಡಿ ಕೆರೆಯ ಅತಿಥಿಗೆ ಎರಡು ವಿದ್ಯೆ
ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ಜಗತ್ತಿನ ಮಹತ್ವದ ಜೌಗುತಾಣಗಳ ರಾಮ್‌ಸರ್ ಪಟ್ಟಿ ಸೇರಿತು. ಈ ಹಕ್ಕಿ 7,000 ಮೀಟರಿಗೂ ಮೇಲೆ ಹಾರಿದ ದಾಖಲೆಯಿದೆ. ಅಲ್ಲಿ ಗಾಳಿಯ ಸಾಂದ್ರತೆ ಕಡಲತೀರದ ಅರ್ಧಕ್ಕಿಂತ ಕಡಿಮೆ. ಸಾಲಾಗಿ ಹಾರುವಾಗ ಮುಂದಿನ ಹಕ್ಕಿಯ ರೆಕ್ಕೆತುದಿಯ ಸುಳಿ ತನ್ನ ಹೊರಪಕ್ಕದಲ್ಲಿ ಗಾಳಿಯನ್ನು ಮೇಲಕ್ಕೆತ್ತುತ್ತದೆ. ಹಿಂದಿನದು ಸರಿಯಾಗಿ ಅಲ್ಲೇ ರೆಕ್ಕೆ ಚಾಚುತ್ತದೆ.

32. ಗದಗಿನ ಜೋಶಿಯ ಚೆಂಡು
1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಎದುರು ಗದಗಿನ ಸುನಿಲ್ ಜೋಶಿ 10 ಓವರಿನಲ್ಲಿ ಕೊಟ್ಟದ್ದು 6 ರನ್, ಕಿತ್ತದ್ದು 5 ವಿಕೆಟ್! ತಿರುಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಒಂದು ಪಕ್ಕಕ್ಕೆ ಬಗ್ಗಿಸಿ ತಾನು ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ. 1852ರಲ್ಲಿ ಹೈನ್‌ರಿಷ್ ಮ್ಯಾಗ್ನಸ್ ಪ್ರಯೋಗ ಮಾಡಿ ತೋರಿಸಿದ ಗುಣ ಇದು. ಜೋಶಿಯಂಥ ಎಡಗೈ ಸ್ಪಿನ್ನರನ ಚೆಂಡು ಗಾಳಿಯಲ್ಲಿ ಬಲಗೈ ಬ್ಯಾಟ್ಸ್‌ಮನ್ನಿನ ಒಳಕ್ಕೆ ತೇಲಿ, ನೆಲ ಮುಟ್ಟಿ ಹೊರಕ್ಕೆ ತಿರುಗುತ್ತದೆ. ರೆಕ್ಕೆಗೆ ಉಬ್ಬು ಮಾಡುವ ಕೆಲಸವನ್ನು ಚೆಂಡಿಗೆ ಬೆರಳು ಮಾಡಿಕೊಡುತ್ತದೆ.

33. ಇಳಿಯುವಾಗ ರೆಕ್ಕೆ ಇನ್ನಷ್ಟು ಬಾಗುತ್ತದೆ
ಹುಬ್ಬಳ್ಳಿಯಲ್ಲಿ ಇಳಿಯುವ ಮುನ್ನ ಗರ್ ಎಂಬ ಸದ್ದು ಕೇಳಿ ಹೆದರಿದ್ದೀರಾ? ರೆಕ್ಕೆಯ ಹಿಂಬದಿಯ ಫ್ಲಾಪ್‌ಗಳು ಕೆಳಕ್ಕೆ ಬಾಗುತ್ತಿವೆ. ಬಾಗು ಹೆಚ್ಚಿದರೆ ಕಡಿಮೆ ವೇಗದಲ್ಲೂ ಎತ್ತುಬಲ ಸಾಕಾಗುತ್ತದೆ. ಸೆಳೆತವೂ ಹೆಚ್ಚುತ್ತದೆ, ಇಳಿಯುವವರಿಗೆ ಅದೂ ಬೇಕು.

34. ಬೇಸಿಗೆಯಲ್ಲಿ ವಿಮಾನಕ್ಕೂ ಸುಸ್ತು
40 ಡಿಗ್ರಿ ಬಿಸಿಲಿನ ಗಾಳಿ 15 ಡಿಗ್ರಿಯ ಗಾಳಿಗಿಂತ ಸುಮಾರು 8 ಶೇಕಡಾ ತೆಳು. ಬಗ್ಗಿಸಲು ಸಿಗುವ ಗಾಳಿಯೇ ಕಡಿಮೆ, ಹಾಗಾಗಿ ಏರಲು ರನ್‌ವೇ ಹೆಚ್ಚು ಬೇಕು. ಅಷ್ಟೇ ಬಿರುಸಿನ ಗಾಳಿಯಿದ್ದರೂ ಏಪ್ರಿಲ್ಲಿನ ಬಿಸಿಲಲ್ಲಿ ಗುಡ್ಡದ ಫ್ಯಾನಿಗೂ ಫಸಲು ಕಡಿಮೆ.

35. ಬಿರುಗಾಳಿಗೆ ಫ್ಯಾನು ಕೈ ಕಟ್ಟುತ್ತದೆ
ಗಾಳಿ ಹೆಚ್ಚಿದಷ್ಟೂ ಕರೆಂಟು ಹೆಚ್ಚು ಎಂದುಕೊಂಡಿದ್ದರೆ, ಕೊನೆಯ ಮಾತು ಕೇಳಿ. ಸೆಕೆಂಡಿಗೆ ಮೂರ್ನಾಲ್ಕು ಮೀಟರ್ ಗಾಳಿಗೆ ಎಚ್ಚರಾಗುವ ಫ್ಯಾನು, ಸಾಮಾನ್ಯವಾಗಿ 25 ಮೀಟರಿಗೆ, ಅಂದರೆ ಗಂಟೆಗೆ 90 ಕಿ.ಮೀ.ಗೆ, ತಾನಾಗಿ ನಿಲ್ಲುತ್ತದೆ. ಅಲಗುಗಳು ಬುಡದಲ್ಲಿ ಹೊರಳಿ ಗಾಳಿಗೆ ಅಂಚನ್ನಷ್ಟೇ ಒಡ್ಡುತ್ತವೆ. ಬಗ್ಗಿಸುವ ಕೆಲಸ ನಿಂತಿತು, ಎಳೆಯುವ ಬಲವೂ ನಿಂತಿತು. ‘ಗಾಳಿ ಬಂದಾಗ ತೂರಿಕೋ’ ಎಂದ ಹಿರಿಯರೂ ಬಿರುಗಾಳಿ ಎದ್ದಾಗ ಕಣದಲ್ಲಿ ರಾಶಿಗೆ ಹೊದಿಕೆ ಎಳೆದು ಕೂರುತ್ತಿದ್ದರು. ಹೊಟ್ಟಿನ ಜೊತೆ ಕಾಳೂ ಹಾರುವ ಗಾಳಿಗೆ ತೂರುವವರುಂಟೇ?